ನಮ್ಮತ್ತೆಯ ನಾಲಿಗೆ ನಾನೇ!

ನಮ್ಮತ್ತೆಗೆ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿಯುವುದಿಲ್ಲ! ಬೇಕಾದರೆ ಒಂದು ಚಿಟಿಕೆ ಉಪ್ಪು ಕೊಟ್ಟು ಸಕ್ಕರೆ ಎನ್ನಿ, ನಂಬಿ ಚಪ್ಪರಿಸುತ್ತಾರೆ. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತನಕ ಹಬ್ಬಿರುವ ನಮ್ಮ ಬಳಗದಲ್ಲಿ ಮದುವೆಯಾಗಲಿ, ಬಸುರಿಯ ಕುಬುಸವಾಗಲಿ, ಕೂಸಿನ ತೊಟ್ಟಿಲಾಗಲಿ, ಸಾರಿನ ಹದ ನೋಡಲು ಕರೆಯುವುದು ಅವರನ್ನೇ. ಹೇಳಿ, ಇಂಥ ನ್ಯಾಯ ಇನ್ನೆಲ್ಲಾದರೂ ಉಂಟೇ?

ಸೊಸೆಯಾದವಳು ಅತ್ತೆಯ ಬಗ್ಗೆ ಹೀಗೆ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. "ನನ್ನ ಹೆಸರೊಂದು ಹಾಕಬ್ಯಾಡ. ಉಳಿದಿದ್ದು ಏನರೆ ಬರಕೋ. ಖರೆ ಬರದ್ರೂ ಯಾರೂ ನಂಬೂದಿಲ್ಲ" ಎಂದಿದ್ದಾರೆ. ಈ ಕೊನೆಯ ಮಾತಿನಲ್ಲಿ ಅವರು ತಮ್ಮ ಬಗ್ಗೆ ಇಟ್ಟುಕೊಂಡ ಹೆಮ್ಮೆಯನ್ನು ನೀವು ಗಮನಿಸಬೇಕು.

ಮೊದಲು ಈ ಹದ ನೋಡುವ ಪದ್ಧತಿಯನ್ನು ಹೇಳಿಬಿಡುತ್ತೇನೆ. ನಮ್ಮ ಬಳಗದ ಯಾವುದೇ ಕಾರ್ಯದಲ್ಲಿ ಅಡುಗೆ ಮುಗಿದು, ದೇವರಿಗೆ ಎಡೆ ಹಿಡಿದ ಮೇಲೆ ತಕ್ಷಣ ಪಂಕ್ತಿ ಕೂಡ್ರಿಸುವುದಿಲ್ಲ. ಅಡುಗೆಯವರು ಸೌಟು ಕೆಳಗಿಟ್ಟು, "ಅವ್ವಾರನ್ನ ಕರೀರಿ" ಎನ್ನುತ್ತಾರೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬರುತ್ತಾರೆ. ಅಂಗೈ ಮೇಲೆ ಒಂದು ಹನಿ ಸಾರು ಬಿಡಿಸಿಕೊಂಡು, ಕಣ್ಣು ಮುಚ್ಚಿ ನಾಲಿಗೆಗೆ ಮುಟ್ಟಿಸುತ್ತಾರೆ. "ಇನ್ನೊಂದು ಮುಟಿಗಿ ಉಪ್ಪ" ಅಂದರೆ ಮುಟಿಗೆ ಉಪ್ಪು ಬೀಳಬೇಕು. "ಬಡಸ್ರಿ" ಅಂದರೆ ಬಡಿಸಬೇಕು. ಆ ಒಂದು ನಿಮಿಷ ಬೀಗರು, ಗಂಡಿನ ತಾಯಿ, ಊರ ಹಿರಿಯರು ಎಲ್ಲರೂ ನಮ್ಮತ್ತೆಯ ಬಾಯಿಯನ್ನೇ ನೋಡುತ್ತ ನಿಂತಿರುತ್ತಾರೆ. ಮೂವತ್ತು ವರ್ಷ ಹೀಗೇ ನಡೆದಿತ್ತು. ಒಂದು ಸಲವೂ ಅವರ ತೀರ್ಪು ತಪ್ಪಿದ್ದಿಲ್ಲವಂತೆ. (ಇದು ಅವರೇ ಹೇಳಿದ್ದು!)

ಆಮೇಲೆ ಕೊರೊನಾ ಬಂತು. ಮನೆಯಲ್ಲಿ ಎಲ್ಲರಿಗೂ ಬಂತು, ಎಲ್ಲರಿಂದಲೂ ಹೋಯಿತು. ನಮ್ಮತ್ತೆಯಿಂದ ಹೋಗುವಾಗ ಮಾತ್ರ ವಾಸನೆ, ರುಚಿ ಎರಡನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು. ಮೆಣಸಿನಕಾಯಿ ತಿಂದರೆ ನಾಲಿಗೆ ಸುಡುವುದೊಂದು ಗೊತ್ತಾಗುತ್ತದೆ, ಅಷ್ಟೇ. ಡಾಕ್ಟರು "ಬರತೈತ್ರಿ, ಸ್ವಲ್ಪ ತಡಾ ಆಗಬಹುದು" ಎಂದರು. ಆರು ತಿಂಗಳಾಯಿತು, ವರ್ಷವಾಯಿತು, ಬರಲಿಲ್ಲ. ಆಗ ಒಂದು ದಿನ ಅತ್ತೆ ನನ್ನನ್ನೂ ನನ್ನ ಗಂಡನನ್ನೂ ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು.

"ಈ ಮಾತು ಈ ಹೊಸ್ತಿಲಾ ದಾಟಿ ಹೋಗಬಾರದು. ಬಳಗದಾಗ ನನ್ನ ಕರಿಯೂದ ಹದಾ ನೋಡಾಕ. ನನಗ ರುಚಿ ಹತ್ತೂದಿಲ್ಲ ಅಂತ ಗೊತ್ತಾದ್ರ ಮೂಲ್ಯಾಗ ಕುರ್ಚಿ ಹಾಕಿ ಕುಂದ್ರಸ್ತಾರ. 'ಪಾಪ ಮುದುಕಿ' ಅಂತಾರ. ನಾ ಇನ್ನಾ ಅಷ್ಟ ಮುದುಕಿ ಆಗಿಲ್ಲ."

ನನ್ನ ಗಂಡ ಲೆಕ್ಕದ ಮಾಸ್ತರರು. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದರೆ ಅವರಿಗೆ ಗಂಟಲು ನೋಯುತ್ತದೆ. ಅವರು "ಹೂಂ" ಎಂದರು. ನಾನು, "ಮುಂದಿನ ಮದುವಿಗಿ ಏನ ಮಾಡ್ತೀರಿ ಅತ್ತಿ?" ಎಂದೆ. ಕೇಳಬಾರದಿತ್ತು!

"ನೀ ಇದ್ದೀಯಲ್ಲ. ಇನ್ನ ಮ್ಯಾಲ ನನ್ನ ನಾಲಿಗಿ ನೀನs."

ಸೊಸೆಯ ನಾಲಿಗೆ ಉದ್ದ ಎಂದು ಓಣಿಯಲ್ಲಿ ದೂರು ಹೇಳುವ ಅತ್ತೆಯರನ್ನು ನೀವು ನೋಡಿರಬಹುದು. ಸೊಸೆಯ ನಾಲಿಗೆಯನ್ನು ಕೆಲಸಕ್ಕೆ ಇಟ್ಟುಕೊಂಡ ಅತ್ತೆ ಇವರೊಬ್ಬರೇ ಇರಬೇಕು.

ತೊಂದರೆ ಏನೆಂದರೆ, ನನಗೆ ನಾಲಿಗೆ ಇತ್ತು, ರುಚಿಯ ಮಾತು ಇರಲಿಲ್ಲ. ನನ್ನ ತವರು ಬನಹಟ್ಟಿ. ಮನೆಯ ಮುಂದಿನ ಅರ್ಧಕ್ಕೆ ಪವರ್‌ಲೂಮು, ಹಿಂದಿನ ಅರ್ಧಕ್ಕೆ ನಾವು. ಆ ಖಟಾಖಟ ಸದ್ದಿನ ನಡುವೆ ಉಂಡು ಬೆಳೆದವಳು ನಾನು. 'ಪಲ್ಯ ಹೆಂಗಾಗೇತಿ' ಎಂದು ನಮ್ಮವ್ವ ಕೂಗಿ ಕೇಳಿದರೆ, ನಾವು ಕೈ ಎತ್ತಿ ಆಡಿಸುತ್ತಿದ್ದೆವು. ಹಾಗೆಂದರೆ ಚೆನ್ನಾಗಿದೆ ಎಂದು. ಚೆನ್ನಾಗಿಲ್ಲದಿದ್ದರೂ ಅದೇ ಕೈ. ಮಗ್ಗ ನಿಲ್ಲಿಸಿ ರುಚಿಯ ಬಗ್ಗೆ ಚರ್ಚೆ ಮಾಡುವಷ್ಟು ಪುರಸೊತ್ತು ನಮ್ಮ ಓಣಿಯಲ್ಲಿ ಯಾರಿಗಿತ್ತು?

ಇಂಥವಳಿಗೆ ಅತ್ತೆ ತರಬೇತಿ ಶುರು ಮಾಡಿದರು. ಮನೆಯ ಅಡುಗೆಯಲ್ಲಿ ತರಬೇತಿ ಸಾಲದು, ನಾಲ್ಕು ಊರ ನೀರು, ನಾಲ್ಕು ಊರ ಕೈ ಗೊತ್ತಾಗಬೇಕು ಎಂದರು. ಹೀಗಾಗಿ ಪ್ರತಿ ಐತವಾರ, ರಜೆಯ ದಿನ, ನಮ್ಮ ಸಂಸಾರದ ಸವಾರಿ ಹೊರಡತೊಡಗಿತು. ಕಾರಿಲ್ಲ, ಬಾಡಿಗೆ ಗಾಡಿಯಿಲ್ಲ, ಕೆಂಪು ಬಸ್ಸು. ಅತ್ತೆಗೆ, ನನಗೆ, ಎಂಟು ವರ್ಷದ ಮಗಳಿಗೆ ಬಸ್ಸು ಪುಕ್ಕಟೆ. ಕಂಡಕ್ಟರು ದುಡ್ಡು ಕೇಳುತ್ತಿದ್ದುದು ನನ್ನ ಗಂಡನನ್ನು ಮಾತ್ರ. ಅತ್ತೆ ಪ್ರತಿ ಸಲವೂ ಮಗನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ನೀ ಒಬ್ಬಾಂವ ನೋಡಲೇ ಖರ್ಚು. ಮನ್ಯಾಗರೆ ಇರಬಾರದೇನು?"

ಮಗ ನಕ್ಕು ಟಿಕೆಟ್ಟು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಬುತ್ತಿಯ ಚೀಲ ಹೊರುವವರು ಅವರೇ ಎನ್ನುವುದು ಅತ್ತೆಗೂ ಗೊತ್ತಿತ್ತು.

ಮೊದಲ ಪಾಠ ನಡೆದದ್ದು ನಮ್ಮೂರು ಜಮಖಂಡಿಯಲ್ಲೇ, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಗಾಡಿಯ ಮುಂದೆ. ಬಿಸಿ ಮಿರ್ಚಿ ಭಜಿ, ಚುರುಮುರಿಯ ಗಿರ್ಮಿಟ್ಟು. ಭಜಿ ಬಾಯಿಗಿಟ್ಟುಕೊಂಡೆ. ಅತ್ತೆ ನನ್ನ ಮುಖದ ಹತ್ತಿರ ಮುಖ ತಂದು ಕೇಳಿದರು.

"ಹೆಂಗೈತಿ?"

"ಛಲೋ ಐತ್ರಿ."

"ಛಲೋ ಅಂದ್ರ? ನಮ್ಮ ಎಮ್ಮಿನೂ ಛಲೋ ಐತಿ."

"ಖಾರ ಐತ್ರಿ."

"ಅದು ನನಗೂ ತಿಳಿತೈತಿ. ಮೆಣಸಿನಕಾಯಿ ಒಳಗ ಏನ ತುಂಬ್ಯಾರ? ಹುಳಿ ಮೊದಲ ಬಂತೋ ಉಪ್ಪ ಮೊದಲ ಬಂತೋ? ಹಿಟ್ಟಿನಾಗ ಓಂಕಾಳ ಐತೋ ಇಲ್ಲೋ?"

ನಾನು ಕೆಲಸ ಮಾಡುವುದು ಜಮಖಂಡಿಯ ಕೋರ್ಟಿನಲ್ಲಿ, ಟೈಪಿಸ್ಟು. ವಾರವಿಡೀ ವಕೀಲರು ಸಾಕ್ಷಿಗಳನ್ನು ಹಿಂಡುವುದನ್ನು ಕೇಳಿ ಕೇಳಿ ಟೈಪು ಮಾಡುವವಳು. ಆ ಸಾಕ್ಷಿಗಳ ಕಷ್ಟ ನನಗೆ ಅರ್ಥವಾದದ್ದು ಆ ಭಜಿಯ ಗಾಡಿಯ ಮುಂದೆಯೇ! ಮೊದಲ ಭಜಿಯಲ್ಲಿ ಉತ್ತರ ಹೊಳೆಯಲಿಲ್ಲ, ಎರಡನೆಯದು ಕೊಡಿಸಿದರು. ಎರಡನೆಯದರಲ್ಲೂ ಹೊಳೆಯಲಿಲ್ಲ. ಐದನೆಯದಕ್ಕೆ ಓಂಕಾಳು ಇದೆ ಎಂದು ಕಣ್ಣೀರು ಒರೆಸಿಕೊಳ್ಳುತ್ತ ಒಪ್ಪಿಕೊಂಡೆ. ಗಾಡಿಯವನು ಮೆಲ್ಲಗೆ, "ಓಂಕಾಳ ಹಾಕಿಲ್ರೀ ಅಕ್ಕಾರ" ಎಂದ.

ಅತ್ತೆ ಆ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಆದರೆ ಸೋಲೊಪ್ಪುವ ಜೀವವೇ ಅದು? ಮುಂದಿನ ಐತವಾರ ಮುಧೋಳದ ಕಡೆ ಹೊರಟೆವು. ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ಒಂದು ಬೆಲ್ಲದ ಗಾಣ. ಅಲ್ಲಿ ಅತ್ತೆಯ ತವರಿನ ಕಡೆ ಪರಿಚಯದವರಿದ್ದರು. ಕಬ್ಬಿನ ಹಾಲು ಕೊಟ್ಟರು, ಕುದಿಯುವ ಕೊಪ್ಪರಿಗೆಯಿಂದ ಹಲಗೆಯ ಮೇಲೆ ಎಳೆಎಳೆಯಾಗಿ ಬಿಸಿ ಬೆಲ್ಲ ಎಳೆದು, ಹುರಿದ ಶೇಂಗಾ ಉದುರಿಸಿ ಕೊಟ್ಟರು. ನನ್ನ ಮಗಳು ಆ ದಿನ ಅಲ್ಲಿಯೇ ಸಂಸಾರ ಹೂಡುವ ನಿರ್ಧಾರ ಮಾಡಿದಳು.

"ಈಗ ಹೇಳವಾ. ಹಾಲಿನ ಸಿಹಿಗೂ ಬೆಲ್ಲದ ಸಿಹಿಗೂ ಏನ ಫರಕ?"

ನಾನು ಕಣ್ಣು ಮುಚ್ಚಿದೆ. ಈ ಸಲ ಸುಳ್ಳು ಹೇಳಬಾರದೆಂದು ನಿರ್ಧರಿಸಿದ್ದೆ. "ಹಾಲಿನ ಸಿಹಿ ಲಗೂನ ಬಂದು ಲಗೂನ ಹೋಗತೈತ್ರಿ. ಬೆಲ್ಲದ್ದು ಬಂದು ಕುಂದರತೈತಿ. ಕಡೀಕ ಒಂದ ಚೂರು ಹೊಗಿ ಹತ್ತಿದ ಹಂಗ ಆಗತೈತ್ರಿ."

ಅತ್ತೆ ನನ್ನ ಕೈಯಲ್ಲಿದ್ದ ಬೆಲ್ಲದಲ್ಲಿ ಒಂದು ಚೂರು ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಚೀಪಿದರು. ಆಮೇಲೆ ತಲೆಯಾಡಿಸಿ, "ಹೂಂ, ಹೊಗಿ. ನೀ ಹೇಳಿದ ಮ್ಯಾಲ ನೆನಪಾತು. ನಾ ಸಣ್ಣಾಕಿ ಇದ್ದಾಗ ನಮ್ಮಪ್ಪ ತರ್ತಿದ್ದ ಬೆಲ್ಲದಾಗೂ ಹೊಗಿ ಇರ್ತಿತ್ತು" ಎಂದರು. ಅಷ್ಟು ಹೊತ್ತು ಎಳೆಯ ಮಗುವಿನ ಹಾಗೆ ಬಾಯಲ್ಲಿಟ್ಟುಕೊಂಡಿದ್ದರಲ್ಲ, ಏನಾದರೂ ಹತ್ತಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರಾಗಿಯೇ ಹೇಳಿದರು. "ಏನೂ ಹತ್ತಲಿಲ್ಲ. ಆದರ ನೀ ಛಲೋ ಹೇಳಿದಿ."

ಅದು ನನಗೆ ಸಿಕ್ಕ ಮೊದಲ ಶಾಭಾಸ್. ಮದುವೆಯಾಗಿ ಹತ್ತು ವರ್ಷಕ್ಕೆ!

ಅದೇ ದಿನ ಮಗಳ ಹಟಕ್ಕೆ ತಿಮ್ಮಾಪುರಕ್ಕೂ ಹೋದೆವು. ಮುಧೋಳ ನಾಯಿಗಳನ್ನು ಸಾಕುವ ಕೇಂದ್ರ ಇರುವುದು ಅಲ್ಲಿಯೇ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಅತ್ತೆ ಒಂದು ನಾಯಿಯನ್ನು ಕಂಡು ಮರುಗಿ, ಅಲ್ಲಿದ್ದವರೊಬ್ಬರನ್ನು ಕೇಳಿಯೇಬಿಟ್ಟರು. "ಇವಕ್ಕ ಹೊಟ್ಟಿ ತುಂಬ ಹಾಕೂದಿಲ್ಲೇನ್ರಿ? ನಮ್ಮ ಬುತ್ತ್ಯಾಗ ರೊಟ್ಟಿ ಅದಾವು."

ಅವರು ನಕ್ಕರು. "ಎಷ್ಟ ತಿಂದ್ರೂ ಇವು ಹಿಂಗs ಇರತಾವ್ರಿ ಅವ್ವಾರ. ಓಡೂ ಮೈ."

"ವಾಸನಿ ಎಷ್ಟು ದೂರದಿಂದ ಹಿಡೀತಾವು?"

"ಇವು ಮೂಗಿನ ನಾಯಿ ಅಲ್ರಿ, ಕಣ್ಣಿನ ನಾಯಿ. ಕಣ್ಣೀಲೆ ನೋಡಿ ಬ್ಯಾಟಿ ಹಿಡೀತಾವು. ವಾಸನಿದು ಇವಕ್ಕ ಅಷ್ಟು ಬೇಕಾಗೂದಿಲ್ಲ."

ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಜಾಲರಿಯ ಹತ್ತಿರ ಹೋಗಿ ಆ ನಾಯಿಯನ್ನು ದಿಟ್ಟಿಸಿ ನೋಡಿದರು. ಅದೂ ಇವರನ್ನು ದಿಟ್ಟಿಸಿ ನೋಡಿತು. ಇಬ್ಬರ ನಡುವೆ ಏನೋ ಒಪ್ಪಂದವಾದಂತಿತ್ತು. ಮರಳುವಾಗ ಬಸ್ಸಿನಲ್ಲಿ ಘೋಷಿಸಿದರು. "ಇನ್ನ ನಾನೂ ಕಣ್ಣೀಲೆ ಹದಾ ಹಿಡೀತೇನಿ. ಸಾರು ಕುದಿಯೂ ಗುಳ್ಳಿ ನೋಡಿದ್ರ ಗೊತ್ತಾಗಬೇಕು."

ಅಂದಿನಿಂದ ನಮ್ಮ ಮನೆಯಲ್ಲಿ ಸಾರು ಕುದಿಯುವಾಗ ಅವರು ಕೊಡುತ್ತಿದ್ದ ನೋಟಕ್ಕೆ ಸಾರೇ ಹೆದರಿ ತಣ್ಣಗಾಗುತ್ತಿತ್ತು. ಗುಳ್ಳೆ ಏನೂ ಹೇಳಲಿಲ್ಲ. ಕೊನೆಗೆ ಮತ್ತೆ ನನ್ನ ನಾಲಿಗೆಗೇ ಬಂದರು.

ಬೀಳಗಿಯ ಪ್ರಸಂಗವನ್ನು ನೆನೆದರೆ ನನಗೆ ಈಗಲೂ ನಗು, ಜೊತೆಗೆ ಸ್ವಲ್ಪ ನಾಚಿಕೆ. ಹೊಳೆಯ ಹಿನ್ನೀರು ನೋಡಿಕೊಂಡು, ದಂಡೆಯಲ್ಲಿ ಮಗಳನ್ನು ಆಡಿಸಿ, ಹಸಿದು ಊರೊಳಗಿನ ಒಂದು ಸಣ್ಣ ಖಾನಾವಳಿಗೆ ಹೋದೆವು. ಒಬ್ಬ ಹೆಣ್ಣುಮಗಳು ತಾನೇ ರೊಟ್ಟಿ ಬಡಿಯುತ್ತ, ತಾನೇ ಬಡಿಸುತ್ತ ನಡೆಸುವ ಜಾಗ. ಬಿಸಿ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿ ಪಲ್ಯ, ಮಡಿಕೆ ಕಾಳು, ಗುರೆಳ್ಳು ಹಿಂಡಿ (ಹುಚ್ಚೆಳ್ಳಿನ ಚಟ್ನಿಪುಡಿ), ಮೊಸರು. ಆ ಹೊತ್ತಿಗೆ ನಾನು ಸಾಕಷ್ಟು ಪಳಗಿದ್ದೆ. ಉಪ್ಪಿನ ಅಳತೆಗೆ ನಮ್ಮದೇ ಒಂದು ಲೆಕ್ಕವೂ ತಯಾರಾಗಿತ್ತು. ಸ್ವಲ್ಪ ಕಡಿಮೆಯಾದರೆ ಸಾಸಿವೆಯಷ್ಟು ಕಮ್ಮಿ, ಇನ್ನೂ ಕಡಿಮೆಯಾದರೆ ಜೋಳದಷ್ಟು, ತೀರಾ ಸಪ್ಪೆಯಾದರೆ ತೊಗರಿಯಷ್ಟು.

ಒಂದೊಂದು ತುತ್ತಿಗೂ ನಾನು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ. "ಪುಂಡಿ ಹುಳಿ ಬರೋಬ್ಬರಿ. ಉಪ್ಪು ಸಾಸಿವಿಯಷ್ಟ ಕಮ್ಮಿ. ಬಳ್ಳೊಳ್ಳಿ ಕರಗಿಲ್ಲ, ಹಲ್ಲಿಗೆ ಸಿಗತೈತಿ." ಅತ್ತೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನನ್ನ ಗಂಡ ಬುತ್ತಿಯ ಚೀಲದಿಂದ ಮಗಳ ಶಾಲೆಯ ನೋಟ್‌ಬುಕ್ಕು ತೆಗೆದು, ನಾನು ಪಿಸುಗುಟ್ಟಿದ್ದನ್ನು ಬರೆದುಕೊಳ್ಳುತ್ತಿದ್ದರು. ಇದನ್ನೆಲ್ಲ ಆ ಹೆಣ್ಣುಮಗಳು ಒಲೆಯ ಮುಂದಿನಿಂದ ನೋಡುತ್ತಿದ್ದಳು. ಮೊದಲು ರೊಟ್ಟಿಯ ಮೇಲೆ ಕೇಳದೇ ಬೆಣ್ಣೆ ಬಿತ್ತು. ಆಮೇಲೆ ಮೊಸರು ಎರಡು ಬಟ್ಟಲಾಯಿತು. ಆಮೇಲೆ ಶೇಂಗಾ ಹೋಳಿಗೆ ಬಂತು. ಕೊನೆಗೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಸಾಹೇಬ್ರ, ನೀವು ಯಾವ ಆಫೀಸಿನವ್ರು? ನಂದು ಲೈಸನ್ ಎಲ್ಲಾ ಕ್ಲಿಯರ್ ಐತ್ರಿ" ಎಂದಳು!

ನನ್ನ ಗಂಡ ಆ ದಿನದ ಹತ್ತೂ ಮಾತುಗಳನ್ನು ಒಟ್ಟಿಗೆ ಖರ್ಚು ಮಾಡಿ, ನಾವು ಯಾವ ಆಫೀಸಿನವರೂ ಅಲ್ಲವೆಂದು ಹೇಳಬೇಕಾಯಿತು. ಆಕೆ ನಂಬಲಿಲ್ಲ. ಅತ್ತೆ ಎದ್ದು ಆಕೆಯ ಕೈ ಹಿಡಿದು, "ನಾನೂ ನಿನ್ನಂಗ ಒಲಿ ಮುಂದಿನಾಕಿ ಯವ್ವಾ. ನಿನ್ನ ಪುಂಡಿ ಪಲ್ಯಕ್ಕ ಹೆಸರಿಡಾಕ ಜಾಗಾ ಇಲ್ಲ" ಎಂದ ಮೇಲೆ ಆಕೆಯ ಮುಖಕ್ಕೆ ಬಣ್ಣ ಬಂತು. ಸಾಸಿವೆಯಷ್ಟು ಉಪ್ಪಿನ ಸುದ್ದಿಯನ್ನು ಅತ್ತೆ ಎತ್ತಲೇ ಇಲ್ಲ. ಬರುವಾಗ ಒಂದು ಡಬ್ಬಿ ಗುರೆಳ್ಳು ಹಿಂಡಿಯನ್ನೂ ಕಟ್ಟಿಸಿಕೊಂಡು ಬಂದೆವು.

ತರಬೇತಿ ಇಷ್ಟಾದ ಮೇಲೆ ಕಾರ್ಯಗಳಲ್ಲಿ ಪ್ರಯೋಗ. ಅದಕ್ಕೆ ಒಂದು ಗುಪ್ತ ಸಂಜ್ಞೆ ಬೇಕಾಗಿತ್ತು. ಅಡುಗೆಯವರು ಹನಿ ಬಿಟ್ಟಾಗ ಅತ್ತೆ ನೆಪಕ್ಕೆ ನೆಕ್ಕಿ, "ನೀನೂ ನೋಡವಾ, ಕಲಕೋಬೇಕು" ಎಂದು ನನ್ನ ಅಂಗೈಗೂ ಹನಿ ಬಿಡಿಸುವುದು. ನಾನು ಹಿಂದೆ ನಿಂತು ಸಂಜ್ಞೆ ಮಾಡುವುದು. ಮೊಣಕೈ ಒಂದು ಸಲ ಚಿವುಟಿದರೆ ಉಪ್ಪು ಬೇಕು, ಎರಡು ಸಲ ಚಿವುಟಿದರೆ ಹೆಚ್ಚಾಗಿದೆ, ಸೆರಗು ಜಗ್ಗಿದರೆ ಎಲ್ಲ ಸರಿ. ಈ ಏರ್ಪಾಟಿನಲ್ಲಿ ಎರಡು ಮದುವೆ, ಒಂದು ಕುಬುಸ ಪಾರಾದವು. ಬಳಗದವರು ಅತ್ತೆಯ ನಾಲಿಗೆಯನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಉಳಿದದ್ದು ಬಿಸಿ ಸಾರಿಗೆ ಸುಟ್ಟ ಅಂಗೈ.

ಕೆಟ್ಟದ್ದು ಮುಧೋಳದ ಒಂದು ತೊಟ್ಟಿಲ ಕಾರ್ಯದಲ್ಲಿ. ಅತ್ತೆ ಅಂಗೈ ಮುಂದೆ ಮಾಡಿ ನಿಂತಿದ್ದರು, ನಾನಿನ್ನೂ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ನನ್ನ ಮಗಳು ಹಸಿವು ತಡೆಯಲಾರದೆ ಓಡಿ ಬಂದು ಅಜ್ಜಿಯ ಸೆರಗು ಹಿಡಿದು ಜಗ್ಗಿದಳು. ಅತ್ತೆ ಹನಿಯನ್ನು ನೆಕ್ಕಿ, ಕಣ್ಣು ಮುಚ್ಚಿ, ದೊಡ್ಡ ದನಿಯಲ್ಲಿ, "ಅಗದೀ ಹದಕ್ಕ ಐತಿ, ಬಡಸ್ರಿ!" ಎಂದರು.

ಅಡುಗೆಯವನು ಕಕ್ಕಾಬಿಕ್ಕಿ. "ಅವ್ವಾರ... ಉಪ್ಪ ಹಾಕೂದ ಮರತೇನ್ರಿ, ಇನ್ನಾ ಹಾಕಿಲ್ರಿ."

ಎಲ್ಲರ ಕಣ್ಣು ಅತ್ತೆಯ ಮೇಲೆ. ಮೂವತ್ತು ವರ್ಷದ ಹೆಸರು ಇದೋ ಈಗ ಸಾರಿನಲ್ಲಿ ಬಿತ್ತು ಎಂದುಕೊಂಡೆ. ನಮ್ಮತ್ತೆ ಮಾತ್ರ ರೆಪ್ಪೆಯನ್ನೂ ಬಡಿಯಲಿಲ್ಲ.

"ನಾ ಹೇಳಿದ್ದು ನೀರಿನ ಹದಾನೋ ತಮ್ಮಾ! ನೀರು ಮೊದಲ ನೋಡ್ತಾರ, ಆಮ್ಯಾಲ ಉಪ್ಪ. ಇಷ್ಟ ವರ್ಷ ಅಡಿಗಿ ಮಾಡಿ ಇದೂ ಗೊತ್ತಿಲ್ಲೇನು?"

ಅವನು ಪಾಪ, "ತಪ್ಪಾತ್ರಿ" ಎಂದ! ಬಳಗದಲ್ಲಿ ಈಗ ಕೆಲವರು ನೀರಿನ ಹದ ಬೇರೆ, ಉಪ್ಪಿನ ಹದ ಬೇರೆ ಎಂದು ಎರಡೆರಡು ಸಲ ನೋಡಿಸುತ್ತಾರೆ. ಹೊಸ ಪದ್ಧತಿಗಳು ಹೀಗೆಯೇ ಹುಟ್ಟುತ್ತವೆ ಅಂತ ಕಾಣುತ್ತದೆ.

ಆದರೆ ಆ ದಿನ ಬಸ್ಸಿನಲ್ಲಿ ಅವರು ನಗಲಿಲ್ಲ. ಕಿಟಕಿಯ ಆಚೆಗೆ ನೋಡುತ್ತ, "ಇನ್ನ ಎಷ್ಟ ದಿನಾ ಹಿಂಗ?" ಎಂದರು. ನಾನು, "ಹೇಳೇ ಬಿಡೂಣ್ರಿ ಅತ್ತಿ, ಯಾರ ಏನ ಅಂತಾರ?" ಎಂದೆ. "ಬ್ಯಾಡ. ನಾ ಇರೂತನಕ ಬ್ಯಾಡ" ಎಂದರು. ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡರು. ಅಷ್ಟು ಬಿಗಿಯಾಗಿ ಅವರು ಯಾವ ಮಾತಿಗೂ ಹಟ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಮತ್ತೆ ಹೋದ ಚಳಿಗಾಲ ರಬಕವಿಯಲ್ಲಿ ಮದುವೆ ಬಂತು. ಅತ್ತೆಯ ತಮ್ಮನ ಮಗಳದು. ತವರಿನ ಕಾರ್ಯ, ತಮ್ಮ ಕಣ್ಣ ಮುಂದೆ ಬೆಳೆದ ಹುಡುಗಿ. ಬಳಗಕ್ಕೆ ಬಳಗವೇ ಅಲ್ಲಿ. ಅತ್ತೆ ಒಂದು ವಾರ ಮೊದಲಿನಿಂದ ನನಗೆ ಖಾರ ತಿನ್ನಬೇಡ, ಬಿಸಿ ಚಹಾ ಕುಡಿಯಬೇಡ ಎಂದು ನಾಲಿಗೆಯ ಕಾವಲು ಕಾದರು. ಕಾಯಬೇಕಾದದ್ದು ಮೂಗನ್ನು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಎರಡು ದಿನ ಮೊದಲು ನನಗೆ ನೆಗಡಿ ಹಿಡಿಯಿತು. ನೆಗಡಿ ತಾನೇ ಎಂದು ಮಾತ್ರೆ ನುಂಗಿ ಹೊರಟೆ.

ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಸಾರು, ಬದನೆಕಾಯಿ ಎಣ್ಣೆಗಾಯಿ, ಸುತ್ತಲೂ ಹೆಂಗಸರು. "ಅವ್ವಾರನ್ನ ಕರೀರಿ" ಆಯಿತು. ಅತ್ತೆ ಹೊಸ ಇಳಕಲ್ ಸೀರೆಯ ಸೆರಗು ಸಿಕ್ಕಿಸಿ ಬಂದರು. ಹನಿ ನೆಕ್ಕಿದರು, ಕಣ್ಣು ಮುಚ್ಚಿದರು, "ನೀನೂ ನೋಡವಾ" ಎಂದರು. ನನ್ನ ಅಂಗೈಗೂ ಹನಿ ಬಿತ್ತು. ನೆಕ್ಕಿದೆ.

ಬಿಸಿ ಗೊತ್ತಾಯಿತು. ಮತ್ತೇನೂ ಇಲ್ಲ. ಇನ್ನೊಂದು ಹನಿ ಬಿಡಿಸಿಕೊಂಡೆ. ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ಬಿಸಿನೀರು ಕುಡಿದ ಹಾಗೆ. ನನ್ನ ಕೈ ಮೊಣಕೈ ಮೇಲೂ ಹೋಗಲಿಲ್ಲ, ಸೆರಗಿನ ಮೇಲೂ ಹೋಗಲಿಲ್ಲ. ಅತ್ತೆ ಕಾದರು. ಅಡುಗೆಯವರು ಕಾದರು. ಕೊನೆಗೆ ನಾನು ಅವರ ಕಿವಿಗೆ ಬಾಗಿ ಪಿಸುಗುಟ್ಟಿದೆ. "ಅತ್ತಿ, ನನಗ ಏನೂ ರುಚಿ ಹತ್ತವಲ್ದ್ರಿ."

ಅತ್ತೆ ಗಕ್ಕನೆ ತಿರುಗಿದರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಬಂದ ಕೂಗು ಚಪ್ಪರದ ತನಕ ಕೇಳಿಸಿತಂತೆ.

"ಯವ್ವಾ! ನಿನಗೂ ನನ್ನಂಗ ಆತೇನ ನನ್ನ ಕೂಸs!"

ಹೆಂಗಸರೆಲ್ಲ ಸುತ್ತುಗಟ್ಟಿದರು. ಏನಾತು, ಏನಾತು? ಅತ್ತೆಗೆ ಯಾರೂ ಕಾಣಿಸುತ್ತಿರಲಿಲ್ಲ. ಡಬ್ಬಿಯಿಂದ ಇಂಗು ತೆಗೆದು ನನ್ನ ಮೂಗಿಗೆ ಹಿಡಿದರು, ಬೆಳ್ಳುಳ್ಳಿ ಜಜ್ಜಿ ಹಿಡಿದರು, "ಬಂತೇನು? ಈಗರೆ ಬಂತೇನು?" ಎಂದು ಕೇಳುತ್ತಲೇ ಇದ್ದರು. ನಡುನಡುವೆ ಎಲ್ಲರ ಕಡೆಗೂ ತಿರುಗಿ, "ನನಗ ರುಚಿ ಹೋಗಿ ಮೂರ ವರ್ಷ ಆತ್ರೆವಾ, ಇನ್ನಾ ಬಂದಿಲ್ಲ. ನನಗ ಹೋದ್ರ ಹೋಗ್ಲಿ, ಮುದುಕಿ. ಇಕೀ ಇನ್ನಾ ಬಾಳಿ ಬದುಕೂ ಹುಡಿಗಿ. ಛಲೋ ಡಾಕ್ಟರ್ ಯಾರರೆ ಗೊತ್ತಿದ್ರ ಹೇಳ್ರೆ" ಎಂದು ಬಿಕ್ಕುತ್ತಿದ್ದರು. ಅಡುಗೆಯವನು ಸೌಟು ಹಿಡಿದು ಬಾಯಿ ತೆರೆದು ನಿಂತಿದ್ದ. ಆ ಮದುವೆಯ ಸಾರನ್ನು ಯಾರೂ ಹದ ನೋಡದೆಯೇ ಬಡಿಸಿದರು. ಚೆನ್ನಾಗಿಯೇ ಇತ್ತಂತೆ. (ಆದರೂ ಬಳಗದವರು ಇಂದಿಗೂ ಹದ ನೋಡಲು ಕರೆಯುವುದು ನಮ್ಮತ್ತೆಯನ್ನೇ!)

ಮರಳುವಾಗ ಬಸ್ಸಿನಲ್ಲಿ ಅವರು ನನ್ನ ಕೈ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ನಾನು ಮೆಲ್ಲಗೆ, "ಅತ್ತಿ, ಎಲ್ಲಾರ ಮುಂದ ಹೇಳಿಬಿಟ್ರಲ್ರಿ" ಎಂದೆ.

"ಏನ ಹೇಳಿದ್ನಿ?"

ಅವರಿಗೆ ಅದು ಗೊತ್ತೇ ಇರಲಿಲ್ಲ! ನಾನು ವಿವರಿಸಿದೆ. ಅತ್ತೆ, "ಹೋಗ್ಲಿ ಬಿಡು" ಎಂದರು. ಆಮೇಲೆ ಮತ್ತೆ, "ಬಂತೇನು?" ಎಂದರು.

ಜಮಖಂಡಿಯ ಡಾಕ್ಟರು ನನ್ನ ಮೂಗು, ಗಂಟಲು ನೋಡಿ, ಬರೀ ನೆಗಡಿ, ನಾಲ್ಕಾರು ದಿನದಲ್ಲಿ ಸರಿಹೋಗುತ್ತದೆ ಎಂದರು. ಅತ್ತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನನಗೂ ಹಂಗs ಹೇಳಿದ್ರು" ಎಂದರು. ಎರಡು ವರ್ಷ ಅವರ ಜೊತೆ ತಿಂದು, ನಕ್ಕು, ಊರೂರು ತಿರುಗಿದ ನನಗೆ, ಅವರು ಕಳೆದುಕೊಂಡದ್ದು ಎಷ್ಟೆಂದು ತಿಳಿದದ್ದು ಆಗ. ನನಗೆ ಎರಡು ದಿನಕ್ಕೇ ಊಟವೆಂದರೆ ಅಳು ಬರುವಂತಾಗಿತ್ತು.

ಐದು ದಿನ ನಮ್ಮ ಮನೆಯಲ್ಲಿ ಓಂಕಾಳಿನ ಹೊಗೆ, ಬೆಳ್ಳುಳ್ಳಿಯ ಹೊಗೆ. ಹೊತ್ತು ಹೊತ್ತಿಗೂ "ಬಂತೇನು?" ನಾನು ತಲೆ ಅಲ್ಲಾಡಿಸಿದರೆ ಅವರು ಅಡುಗೆಮನೆಗೆ ತಿರುಗಿ ಹೋಗುತ್ತಿದ್ದರು. ನನಗೆ ಕೆಲಸ ಮುಟ್ಟಲು ಬಿಡಲಿಲ್ಲ, ಅಡುಗೆಯೆಲ್ಲ ಅವರದೇ.

ಆರನೆಯ ದಿನ ಮಧ್ಯಾಹ್ನ ನಾವು ಮೂವರು ಊಟಕ್ಕೆ ಕುಳಿತಿದ್ದೆವು, ಅತ್ತೆ ಬಡಿಸುತ್ತಿದ್ದರು. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟೆ. ನುಂಗಲಾಗಲಿಲ್ಲ. ತುತ್ತನ್ನು ಬಾಯಲ್ಲಿಟ್ಟುಕೊಂಡೇ ಅತ್ತೆಯ ಮುಖ ನೋಡಿದೆ.

"ಅತ್ತಿ, ಸಾರು ಉಪ್ಪುಪ್ಪಾಗೇತ್ರಿ. ಬಾಯಾಗ ಇಡಾಕ ಆಗವಲ್ದು."

ಅತ್ತೆಯ ಕೈಯ ಸೌಟು ಅಲ್ಲಿಯೇ ನಿಂತಿತು. "ಖರೆ?"

"ಖರೇನ ರೀ. ಹುಳಿನೂ ಹೆಚ್ಚಾಗೇತಿ."

ಅತ್ತೆ ನೆಲದ ಮೇಲೆ ಕುಸಿದು ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಡುಗೆಗೆ ಹೆಸರಿಟ್ಟ ಸೊಸೆಯ ಮುಂದೆ ಅತ್ತೆಯೊಬ್ಬರು ಸಂತೋಷಕ್ಕೆ ಅತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೇಳಿಲ್ಲ. ನಾನೂ ಅವರ ಪಕ್ಕಕ್ಕೆ ಹೋಗಿ ಕುಳಿತೆ.

ನನ್ನ ಗಂಡ ನೀರಿನ ತಂಬಿಗೆ ಕೆಳಗಿಟ್ಟು ಬಾಯಿ ಬಿಟ್ಟರು. "ಐದ ದಿನದಿಂದ ಹಂಗs ಐತಿ."

"ಹೇಳಬಾರದೇನೋ ಲೇ?" ಎಂದರು ಅತ್ತೆ, ಸೆರಗಿನೊಳಗಿಂದಲೇ.

"ನೀ ಅಳಕೋಂತ ಮಾಡಾಕತ್ತಿದ್ದಿ ಯವ್ವಾ. ಹೆಂಗ ಹೇಳ್ಲಿ?"

ಮಗಳೂ ತಲೆಯಾಡಿಸಿದಳು. ಅವಳಿಗೂ ಗೊತ್ತಿತ್ತು, ಅವಳೂ ಐದು ದಿನ ಸುಮ್ಮನೆ ಉಂಡಿದ್ದಳು. ಅತ್ತೆ ಕಣ್ಣೊರೆಸಿಕೊಂಡು, ಚೆಲ್ಲಿ ಬೇರೆ ಮಾಡುತ್ತೇನೆಂದು ಸಾರಿನ ಪಾತ್ರೆಗೆ ಕೈ ಹಾಕಿದರು. ನಾನು ಪಾತ್ರೆ ಹಿಡಿದುಕೊಂಡೆ. ನನ್ನ ತಟ್ಟೆ ಮುಂದೆ ಮಾಡಿ, "ಇನ್ನೊಂದು ಸೌಟು ಹಾಕ್ರಿ ಅತ್ತಿ" ಎಂದೆ.